ಬಾಸ್ ಗಿಟಾರಿಗಾಗಿ ಸತ್ತ ಡೊಬ್ರಿ

ಬಾಸ್ ಗಿಟಾರು ನುಡಿಸುವವನನ್ನು ಯಾರೂ ನೋಡುವುದಿಲ್ಲ. ಹಾಡುವವಳ ಬಟ್ಟೆ ನೋಡುತ್ತಾರೆ, ಅಕಾರ್ಡಿಯನ್ ಎಳೆಯುವವನ ಬೆರಳು ನೋಡುತ್ತಾರೆ. ಬಾಸ್‌ನವನು ಹಿಂದೆ, ಪರದೆಯ ಮಡಿಕೆಯ ಪಕ್ಕದಲ್ಲಿ, ಯಾರೋ ಮರೆತುಹೋದ ಕೊಡೆಯ ಹಾಗೆ ನಿಂತಿರುತ್ತಾನೆ. ಅವನು ಅಲ್ಲಿದ್ದ ಎಂದು ಗೊತ್ತಾಗುವುದು ಹಾಡಿನ ತಳದ ಆ ದಪ್ಪ ಸ್ವರವನ್ನು ಅವನು ನಿಲ್ಲಿಸಿದಾಗ ಮಾತ್ರ. ನಮ್ಮೂರಿನ ಡೊಬ್ರಿ ಕಾಲ್ಚೆವ್ ಹುಟ್ಟಿನಿಂದಲೇ ಬಾಸ್‌ನವನು. ಕೈಯಲ್ಲಿ ಬಾಸ್ ಇರಲಿಲ್ಲ, ಅದೊಂದೇ ಕೊರತೆ.

ಅವನ ನೌಕರಿ ಡಾನ್ಯೂಬ್ ನದಿಯ ನೀರಿನ ಮಟ್ಟ ನೋಡುವುದು. ಬೆಳಿಗ್ಗೆ ದಡದ ಅಳತೆಗಂಬದ ಹತ್ತಿರ ನಿಂತು ಅಂಕಿ ನೋಡುತ್ತಿದ್ದ, ಫೋನಿನಲ್ಲಿ ಮೇಲಧಿಕಾರಿಗೆ ಹೇಳುತ್ತಿದ್ದ, ಮೇಲಧಿಕಾರಿ ರೇಡಿಯೋದವರಿಗೆ ಹೇಳುತ್ತಿದ್ದ. ಮಧ್ಯಾಹ್ನ ರೇಡಿಯೋ ನದಿಯುದ್ದದ ಊರುಗಳ ಹೆಸರು ಓದುತ್ತ ನಮ್ಮೂರಿಗೆ ಬಂದ ತಕ್ಷಣ ಡೊಬ್ರಿ ಸೂಪಿನ ಚಮಚ ಕೆಳಗಿಟ್ಟು, “ಕೇಳಿದ್ಯಾ?” ಎನ್ನುತ್ತಿದ್ದ.

“ಕೇಳಿದೆ. ನೀರು,” ಎನ್ನುತ್ತಿದ್ದಳು ಹೆಂಡತಿ ರಾಡ್ಕಾ.

ಹರೆಯದಲ್ಲಿ ಅವನು ಹಡಗು ರಿಪೇರಿ ಕಾರ್ಖಾನೆಯ ಬ್ಯಾಂಡಿನಲ್ಲಿ ಬಾಸ್ ನುಡಿಸಿದ್ದ. ಬಾಸ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳ ಜೊತೆ ಅದೂ ಯಾವುದೋ ಲಾರಿ ಹತ್ತಿ ಹೋಯಿತು. ಅಂದಿನಿಂದ ಡೊಬ್ರಿ ಸೊಂಟದ ಬೆಲ್ಟಿನ ಮೇಲೆ ನುಡಿಸುತ್ತಿದ್ದ, ಬಸ್ಸಿನ ಕಂಬಿಯ ಮೇಲೆ ನುಡಿಸುತ್ತಿದ್ದ, ನಿದ್ದೆಯಲ್ಲಿ ರಾಡ್ಕಾಳ ಬೆನ್ನ ಮೇಲೆ ನುಡಿಸುತ್ತಿದ್ದ.

“ತಾಳ ಹಾಕಬೇಡ,” ಎನ್ನುತ್ತಿದ್ದಳು ಅವಳು ಅರೆನಿದ್ದೆಯಲ್ಲಿ. “ಬೇಕಾದ್ರೆ ಸ್ವಲ್ಪ ತುರಿಸು.”

ಹೀಗೆ ಮೂವತ್ತು ವರ್ಷ ಕಳೆದ ಮೇಲೆ, ಕಲಾಮಂದಿರದ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿದ್ದ ಮುದುಕ ಕಿರೊ ತೀರಿಕೊಂಡ. ಶನಿವಾರದ ಸಂಜೆ ಊರಿನ ಅರ್ಧ ಜನ ಅಲ್ಲಿಗೆ ಕುಣಿಯಲು ಹೋಗುತ್ತಾರೆ. ಬ್ಯಾಂಡಿನ ಯಜಮಾನ ಸ್ವಿಲೆನ್ ವಾರವೆಲ್ಲ ಕ್ಷೌರಿಕ, ಶನಿವಾರ ಕೀಬೋರ್ಡ್. ಡೊಬ್ರಿಯ ಕುತ್ತಿಗೆಗೆ ಟವೆಲ್ ಸುತ್ತಿ, ಕತ್ತರಿ ಕಿವಿಯ ಹತ್ತಿರ ಹಿಡಿದು ಅವನು ಮಾತು ತೆಗೆದ.

“ಡೊಬ್ರಿ ಅಣ್ಣ, ನೀನು ಚೆನ್ನಾಗಿ ನುಡಿಸ್ತೀಯ ಅಂತ ಎಲ್ಲರೂ ಹೇಳ್ತಾರೆ. ಯಾರೂ ಕೇಳಿಲ್ಲ, ಅದೊಂದೇ ತೊಂದರೆ.”

“ಕಾರ್ಖಾನೆ ಬ್ಯಾಂಡಲ್ಲಿ ನಾನು...”

“ಕಾರ್ಖಾನೆ ಎಲ್ಲಿದೆ ಈಗ?”

ಡೊಬ್ರಿಯ ಬೆರಳುಗಳು ಬೆಲ್ಟಿನ ಮೇಲೆ ಓಡಿದವು.

“ಬರೋ ಶನಿವಾರ ಬಾ. ನಿನ್ನದೇ ಬಾಸ್ ಇರಬೇಕು. ತಂದ್ರೆ ಜಾಗ ನಿಂದು. ತರದಿದ್ರೆ ನನ್ನ ಎಡಗೈ ಇದೆ, ಕೀಬೋರ್ಡಲ್ಲೇ ಬಾಸ್ ಒತ್ತಿಬಿಡ್ತೀನಿ. ಎಡಗೈ ಸಾರಾಯಿ ಕೇಳಲ್ಲ, ಮುನಿಸಿಕೊಳ್ಳೋದೂ ಇಲ್ಲ.”

ಡೊಬ್ರಿಯ ಹತ್ತಿರ ಸಿಗರೇಟು ಬಿಟ್ಟು ಉಳಿಸಿದ ಮುನ್ನೂರು ಲೆವ ಇತ್ತು. ಬಾಸ್ ಗಿಟಾರುಗಳ ಲೋಕದಲ್ಲಿ ಅದು ವಿಚಿತ್ರ ಮೊತ್ತ. ಒಳ್ಳೆಯದನ್ನು ಕೊಳ್ಳಲು ಸಾಲದು, ಆಸೆ ಬಿಟ್ಟು ಸುಮ್ಮನಿರಲು ಹೆಚ್ಚು.

ಚೌಕದ ವಾದ್ಯದಂಗಡಿಯಲ್ಲಿ ಇದ್ದದ್ದು ಒಂದೇ ಬಾಸ್, ಚೆರ್ರಿ ಕೆಂಪು. ಡೊಬ್ರಿ ಅದನ್ನು ಇಳಿಸಿಕೊಂಡು, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ತಂತಿ ಹಾಯುವ ಕುತ್ತಿಗೆಯ ಉದ್ದಕ್ಕೂ ನೋಡಿದ. ಕುತ್ತಿಗೆ ಹಳ್ಳಿಯ ರಸ್ತೆಯ ಹಾಗೆ ತಿರುಗಿತ್ತು.

“ಬಾಗಿದೆ,” ಎಂದ.

“ಈ ವಯಸ್ಸಲ್ಲಿ ನಾವಿಬ್ಬರೂ ನೆಟ್ಟಗಿದ್ದೀವಾ?” ಎಂದ ಅಂಗಡಿಯವನು. “ಬಣ್ಣ ನೋಡಿ ಸಾರ್, ಬಣ್ಣ! ಭುಜಕ್ಕೆ ಹಾಕ್ಕೊಳ್ಳಿ, ನಿಮಗೆ ಒಪ್ಪುತ್ತೆ.”

ಹಾಕಿಕೊಂಡು ಕೈ ಬಿಟ್ಟ ತಕ್ಷಣ ಬಾಯಾರಿದ ಎಮ್ಮೆಯ ಹಾಗೆ ಅದರ ತಲೆ ನೆಲದ ಕಡೆಗೆ ಹೋಯಿತು. ಡೊಬ್ರಿ ಅದನ್ನು ಮೆಲ್ಲಗೆ ಮೊಳೆಗೆ ತೂಗುಹಾಕಿ, ಕ್ಷಮೆ ಕೇಳುವವನಂತೆ ಒಮ್ಮೆ ಸವರಿ ಹೊರಗೆ ಬಂದ.

ಊರಿನಲ್ಲಿ ಒಳ್ಳೆಯ ಬಾಸ್ ಎಂದರೆ ಒಂದೇ, ತೀರಿಕೊಂಡ ಕಿರೊನದು. ಅದು ಅವನ ಹೆಂಡತಿ ಗಿನಾ ಅಜ್ಜಿಯ ಬೀರುವಿನ ಮೇಲೆ ಕಪ್ಪು ಪೆಟ್ಟಿಗೆಯಲ್ಲಿ ಮಲಗಿತ್ತು. ಅಜ್ಜಿ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ವ್ಯವಹಾರ ಮಾಡಿದಳು.

“ಎಷ್ಟಿದೆ ನಿನ್ನ ಹತ್ರ?”

“ಮುನ್ನೂರು, ಅಜ್ಜಿ.”

“ಅಷ್ಟಕ್ಕೆ ಅದರ ಪಟ್ಟಿ ಕೊಡ್ತೀನಿ. ಭುಜಕ್ಕೆ ಹಾಕ್ಕೊಂಡು ಓಡಾಡು.”

ಆಗ ಡೊಬ್ರಿಗೆ ಜಾಹೀರಾತಿನ ಯೋಚನೆ ಬಂತು. ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಮಿಲ್ಕಾ ಎಂಬವಳ ಝೆರಾಕ್ಸ್ ಅಂಗಡಿ. ಅವಳ ಕೆಲಸವೆಲ್ಲ ಸತ್ತವರದು. ನಮ್ಮಲ್ಲಿ ಯಾರಾದರೂ ಹೋದರೆ ಅವರ ಫೋಟೊ ಇರುವ, ಕಪ್ಪು ಅಂಚಿನ ಹಾಳೆಯನ್ನು ಅಚ್ಚು ಮಾಡಿಸಿ ವಿದ್ಯುತ್ ಕಂಬ, ಮರ, ಬಸ್ ನಿಲ್ದಾಣ, ಮನೆಬಾಗಿಲು ಎಲ್ಲದಕ್ಕೂ ಅಂಟಿಸುತ್ತಾರೆ. ಮಿಲ್ಕಾ ಅದರಲ್ಲಿ ಪಳಗಿದವಳು.

“ಫೋಟೊ ಹಾಕ್ಲಾ?” ಎಂದಳು.

“ಹಾಕಿ ಮಿಲ್ಕಾ ಅಕ್ಕ. ಮುಖ ನೋಡಿದ್ರೆ ಜನಕ್ಕೆ ನಂಬಿಕೆ ಬರುತ್ತೆ.”

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂವತ್ತು ವರ್ಷ ಒಳಗೇ ನುಡಿಸಿದವನಿಗೆ ಒಂದು ಹಾಳೆ ಸಿಕ್ಕರೆ ಸುಮ್ಮನಿರಲು ಸಾಧ್ಯವೇ? ಅವನು ಬರೆದುಕೊಂಡು ಬಂದಿದ್ದ: ‘ಡೊಬ್ರಿ ಕಾಲ್ಚೆವ್. ತುಂಬ ಕಾಲ ಮೌನವಾಗಿದ್ದ ಕಲಾವಿದ. ಕೊನೆಗೂ ತನ್ನ ನಾದದ ಕಡೆಗೆ ಹೊರಟಿದ್ದಾನೆ.’ ಅದರ ಕೆಳಗೆ: ‘ಒಂದು ಬಾಸ್ ಗಿಟಾರು ಬೇಕು. ಕುತ್ತಿಗೆ ನೆಟ್ಟಗಿರಬೇಕು, ತಂತಿ ಗರಗರ ಎನ್ನಬಾರದು, ಹೆಚ್ಚು ಭಾರ ಬೇಡ. ಬೆಲೆ ಸಾಧಾರಣ.’

“ಜಾಗ ಸಾಲಲ್ಲ. ಕೊನೇದನ್ನ ಸಣ್ಣಕ್ಷರದಲ್ಲಿ ಹಾಕ್ತೀನಿ,” ಎಂದಳು ಮಿಲ್ಕಾ.

“ಅಕ್ಕ, ಅದೇ ಮುಖ್ಯ.”

“ಮುಖ್ಯವಾದದ್ದು ಯಾವಾಗಲೂ ಸಣ್ಣಕ್ಷರದಲ್ಲೇ ಇರೋದಪ್ಪ. ಬ್ಯಾಂಕಿನ ಕಾಗದ ನೋಡಿಲ್ವಾ?”

“ಈ ಕಪ್ಪು ಅಂಚು?”

“ಮಷೀನಲ್ಲಿ ಬರೋದೇ ಹಾಗೆ. ತೆಗೆಯೋಕೆ ನನ್ನ ಅಳಿಯನಿಗೆ ಗೊತ್ತು, ಅವನು ಬರೋದು ಸೋಮವಾರ. ಶಿಲುಬೆ ತೆಗೆದಿದ್ದೀನಿ ನೋಡು, ಅದರ ಜಾಗಕ್ಕೆ ಎಲೆ ಹಾಕಿದ್ದೀನಿ. ಅಂಚಿದ್ರೆ ಒಂದು ಗೌರವ.”

ಡೊಬ್ರಿ ಹಾಳೆಯನ್ನು ದೂರ ಹಿಡಿದು ನೋಡಿದ. ಅವನ ಕಣ್ಣಿಗೆ ಅದು ದೊಡ್ಡ ನಗರದ ಸಂಗೀತ ಕಚೇರಿಯ ಭಿತ್ತಿಪತ್ರದಂತೆ ಕಂಡಿತು. ಆ ಸಂಜೆಯೇ ಗೋಂದಿನ ಡಬ್ಬಿ ಹಿಡಿದು ಊರೆಲ್ಲ ಅಂಟಿಸಿ ಬಂದ. ರಾಡ್ಕಾ ಊರಿನಲ್ಲಿರಲಿಲ್ಲ. ಅಕ್ಕನ ಹಳ್ಳಿಗೆ ಕೆಂಪು ಮೆಣಸಿನಕಾಯಿ ಸುಟ್ಟು ಚಳಿಗಾಲದ ಚಟ್ನಿ ಮಾಡಲು ಹೋಗಿದ್ದಳು. ಇದ್ದಿದ್ದರೆ ಈ ಕಥೆ ಗೋಂದಿನ ಡಬ್ಬಿಯಲ್ಲೇ ಮುಗಿಯುತ್ತಿತ್ತು.

ನಮ್ಮೂರಿನಲ್ಲಿ ಇಂಥ ಹಾಳೆಗಳನ್ನು ಓದುವ ಪದ್ಧತಿಯಿಲ್ಲ, ನೋಡುವ ಪದ್ಧತಿ. ಅಂಚು ನೋಡುತ್ತೇವೆ, ಮುಖ ನೋಡುತ್ತೇವೆ, “ಅಯ್ಯೋ, ಇವನೂನಾ?” ಎನ್ನುತ್ತೇವೆ, ತರಕಾರಿ ಚೀಲ ಇನ್ನೊಂದು ಕೈಗೆ ಬದಲಾಯಿಸಿ ಮುಂದೆ ಹೋಗುತ್ತೇವೆ. ಮಣ್ಣು ಎಲ್ಲಿ ಮಾಡಿದರು ಎಂಬ ಪ್ರಶ್ನೆಗೂ ಬೆಳಗಾಗುವುದರೊಳಗೆ ಉತ್ತರ ಸಿಕ್ಕಿತ್ತು. ಹೆಂಡತಿ ಹಳ್ಳಿಯಲ್ಲಿದ್ದಾಳಲ್ಲ, ಅಲ್ಲೇ ಮಾಡಿದರಂತೆ.

ಮರುದಿನ ನದಿಯಿಂದ ಮಂಜು ಎದ್ದು ಊರೊಳಗೆ ಬಂತು. ಅಕ್ಟೋಬರಿನ ಮಂಜು ನಮ್ಮಲ್ಲಿ ಬಂದರೆ ನೆಂಟರಂತೆ ನಾಲ್ಕಾರು ದಿನ ಕೂರುತ್ತದೆ. ಮನೆಗಳು ಮೇಲಿನರ್ಧ ಇಲ್ಲದೆ ನಿಂತಿದ್ದವು. ಮರಗಳು ಒಂದೊಂದಾಗಿ ಬಂದು ಪರಿಚಯ ಹೇಳಿಕೊಂಡು ಹಿಂದೆ ಸರಿಯುತ್ತಿದ್ದವು. ಡೊಬ್ರಿಗೆ ಈ ಹವೆ ಬಹಳ ಇಷ್ಟ. ಬೆಲ್ಟಿನ ಮೇಲೆ ಬೆರಳಾಡಿಸುತ್ತ ಅವನು ಕೆಲಸಕ್ಕೆ ಹೊರಟ.

ಅಂಚೆ ಕಚೇರಿಯ ಕಂಬದ ಮುಂದೆ ಇಬ್ಬರು ಟೋಪಿ ತೆಗೆದು ನಿಂತಿದ್ದರು. ಒಬ್ಬ ಹೇಳುತ್ತಿದ್ದ, “ಎಂಥ ಮನುಷ್ಯ! ಒಂದು ದಿನ ಯಾರಿಗೂ ತೊಂದರೆ ಕೊಟ್ಟವನಲ್ಲ.” ಇನ್ನೊಬ್ಬ, “ಇದ್ದಾನೆ ಅಂತಲೇ ಗೊತ್ತಾಗ್ತಿರಲಿಲ್ಲ,” ಎಂದ. ಬಾಸ್‌ನವನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಡೊಬ್ರಿಯ ಕಣ್ಣು ತುಂಬಿತು. ಎದುರಿಗೆ ಹೋದರೆ ಅಹಂಕಾರವಾದೀತೆಂದು ಮಂಜಿನಲ್ಲಿ ಸದ್ದಿಲ್ಲದೆ ಸರಿದುಹೋದ.

ಬೇಕರಿಯಲ್ಲಿ, “ಶುಭೋದಯ! ಒಂದು ಬನ್ ಕೊಡಿ,” ಎಂದ. ಬೇಕರಿಯವನ ಮುಖ ಹಿಟ್ಟಿಗಿಂತ ಬಿಳುಪಾಯಿತು. ಮಾತಾಡದೆ ಎರಡು ಬನ್ ಕೊಟ್ಟ. ಡೊಬ್ರಿ ಕಾಸು ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಮಾಡಿಕೊಂಡ.

ಸತ್ತವನ ಆತ್ಮ ನಲವತ್ತು ದಿನ ತಾನು ಓಡಾಡಿದ ಜಾಗಗಳಲ್ಲೇ ಸುತ್ತುತ್ತದೆ ಎಂದು ನಮ್ಮವರ ನಂಬಿಕೆ. ಕಂಡರೆ ಕಿರುಚಬಾರದು, ಮಾತಾಡಿಸಬಾರದು, ಏನಾದರೂ ಕೊಟ್ಟು ಕಳಿಸಬೇಕು. ಬೇಕರಿಯವನು ಶಾಸ್ತ್ರ ಪ್ರಕಾರವೇ ನಡೆದುಕೊಂಡಿದ್ದ. ಡೊಬ್ರಿ ಬೇರೆ ತಿಳಿದ. ‘ಕಲಾವಿದರಿಂದ ಹಣ ತೆಗೆದುಕೊಳ್ಳುವುದಿಲ್ಲ ಈ ಊರು,’ ಎಂದುಕೊಂಡು ಬನ್ ಕಚ್ಚುತ್ತ ದಡಕ್ಕೆ ಇಳಿದ.

ಅಳತೆಗಂಬದ ಹತ್ತಿರದ ಗೂಡಿನಿಂದ ಮೇಲಧಿಕಾರಿ ಹಾಜಿಯೆವ್‌ಗೆ ಫೋನ್ ಮಾಡಿದ.

“ಸಾರ್, ನಾನು ಡೊಬ್ರಿ.”

ಆ ಕಡೆ ಏನೋ ಕೆಳಗೆ ಬಿತ್ತು. “ಡೊಬ್ರಿ... ಎಲ್ಲಿಂದ ಮಾತಾಡ್ತಿದ್ದೀಯಪ್ಪ?”

“ಇಲ್ಲೇ, ದಡದಿಂದ ಸಾರ್.”

“ಹೇಗಿದೆ ಅಲ್ಲಿ?”

“ಬರೀ ಮಂಜು. ಏನೂ ಕಾಣಲ್ಲ.”

“ಚಳಿ ಇದೆಯಾ?”

“ಥಂಡಿ ಸಾರ್. ಆದ್ರೆ ಒಂಥರಾ ನೆಮ್ಮದಿ.”

“ಬೇರೆ ಯಾರಾದ್ರೂ ಇದ್ದಾರಾ ಜೊತೆಗೆ?”

“ದೋಣಿಯವನೊಬ್ಬ ಇದ್ದ. ಆಚೆ ದಡಕ್ಕೆ ಬರ್ತೀಯಾ ಅಂದ. ಇವತ್ತು ಬೇಡ, ಕೆಲಸ ಇದೆ ಅಂದೆ.”

ಹಾಜಿಯೆವ್ ಬಿಕ್ಕಿದ್ದು ತಂತಿಯಲ್ಲಿ ಕೇಳಿಸಿತು. “ಅಲ್ಲೂ ಕೆಲಸಾನಾ, ಡೊಬ್ರಿ! ನಾನು ನಿನಗೆ ಬಡ್ತಿ ಕೊಡಬೇಕಿತ್ತು ಕಣಯ್ಯ. ನನ್ನ ಮೇಲೆ ಕೋಪ ಇಟ್ಕೋಬೇಡ.” ಫೋನ್ ಇಟ್ಟುಬಿಟ್ಟ. ನೀರಿನ ಮಟ್ಟವನ್ನು ಕೇಳಲೇ ಇಲ್ಲ. ಆ ಮಧ್ಯಾಹ್ನ ರೇಡಿಯೋ ನದಿಯುದ್ದದ ಊರುಗಳನ್ನು ಓದುತ್ತ ನಮ್ಮೂರನ್ನು ದಾಟಿ ಹೋಯಿತು.

ಸಂಜೆ ಡೊಬ್ರಿ ಮನೆಗೆ ಬಂದರೆ ದ್ರಾಕ್ಷಿ ಚಪ್ಪರದ ಕೆಳಗೆ ಗಿಟಾರುಗಳು! ಗೋಡೆಗೆ ಒರಗಿದವು, ಬೆಂಚಿನ ಮೇಲೆ ಮಲಗಿದವು, ನೀರಿನ ತೊಟ್ಟಿಗೆ ಆತುಕೊಂಡವು. ನಡುನಡುವೆ ಸಕ್ಕರೆ ಬೆರೆಸಿ ಬೇಯಿಸಿದ ಗೋಧಿಯ ಪುಟ್ಟ ಲೋಟಗಳು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ ಅದು ಎಂದು ಅವನಿಗೆ ಹೊಳೆಯಬೇಕಿತ್ತು. ಅವನು ಒಂದು ಲೋಟ ಎತ್ತಿಕೊಂಡು ತಿನ್ನುತ್ತ, ‘ಜನ ಊಟವನ್ನೂ ಯೋಚನೆ ಮಾಡಿದ್ದಾರೆ’ ಎಂದುಕೊಂಡ.

ಬೇಲಿಯ ಆಚೆ ಪಕ್ಕದ ಮನೆಯ ತನಾಸ್ ಹಣ್ಣಿನ ಸಾರಾಯಿ ಭಟ್ಟಿ ಇಳಿಸುತ್ತಿದ್ದ. ಭಟ್ಟಿ ಇಳಿಸುವ ದಿನ ಅವನು ಯಾರಿಗೂ ಹೆದರುವುದಿಲ್ಲ, ಸತ್ತವರಿಗೂ.

“ಬಂದ್ಯಾ?” ಎಂದ.

“ಬಂದೆ.”

“ಬರ್ತೀಯ ಅಂತ ಗೊತ್ತಿತ್ತು. ಕೇಳು, ನನ್ನ ಡ್ರಿಲ್ ಮಷೀನ್ ನಿನ್ನ ಹತ್ರ ಇದೆ. ರಾಡ್ಕಾಳನ್ನ ಈಗ ಕೇಳೋಕೆ ಸಂಕೋಚ. ಎಲ್ಲಿಟ್ಟಿದ್ದೀಯ ಅಂತ ನೀನೇ ಹೇಳಿಬಿಡು.”

“ಸಂಕೋಚ ಯಾಕೆ?”

“ಗಂಡ ಸತ್ತ ಮನೇಲಿ ಡ್ರಿಲ್ ಕೇಳ್ತಾರೇನಯ್ಯ?”

“ಯಾರ ಗಂಡ?”

“ಅವಳಿಗೆ ಇದ್ದದ್ದು ಒಬ್ಬನೇ ತಾನೆ?” ತನಾಸ್ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಬೇಲಿಯ ಮೇಲೆ ಹರಡಿದ. “ಚೆನ್ನಾಗಿ ಬರೆಸಿದ್ದಾರೆ. ‘ನಾದದ ಕಡೆಗೆ ಹೊರಟಿದ್ದಾನೆ.’ ನನಗೆ ಯಾರು ಬರೆಸ್ತಾರೆ ಇಂಥದ್ದು?”

ಡೊಬ್ರಿ ತನ್ನ ಹಾಳೆಯನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದ. ಟೋಪಿಗಳು, ಬನ್ನು, ಹಾಜಿಯೆವ್ ಸಾಹೇಬರ ಅಳು ಎಲ್ಲ ಸಾಲಾಗಿ ಬಂದು ಅದರ ಕಪ್ಪು ಅಂಚಿನೊಳಗೆ ಕೂತವು.

“ತನಾಸ್, ನಾನು ಸತ್ತಿಲ್ಲ.”

“ಮೊದಮೊದಲು ಎಲ್ಲರಿಗೂ ಹಾಗೇ ಅನ್ಸುತ್ತಂತೆ.”

“ಮುಟ್ಟಿ ನೋಡು!”

ತನಾಸ್ ಕೈ ಚಾಚಿ, ಇಡೀ ದಿನ ಮಂಜಿನಲ್ಲಿದ್ದ ಆ ಮೂಗನ್ನು ಮುಟ್ಟಿದ. “ತಣ್ಣಗಿದೆ,” ಎಂದ ಮರುಕದಿಂದ.

ಡೊಬ್ರಿ ಒಳಗೆ ಓಡಿ ಡ್ರಿಲ್ ತಂದು ಅವನ ಕೈಗಿಟ್ಟ. “ಸತ್ತವನು ಡ್ರಿಲ್ ತಂದು ಕೊಡ್ತಾನಾ?”

ತನಾಸ್ ಡ್ರಿಲ್ಲನ್ನು ತಿರುಗಿಸಿ ನೋಡಿ ಟೋಪಿ ತೆಗೆದ. “ಬದುಕಿದ್ದಾಗ ಎಷ್ಟು ಕೇಳಿದ್ರೂ ನೀನು ಕೊಟ್ಟಿರಲಿಲ್ಲ. ಇದ್ದ ಒಂದು ಅನುಮಾನವೂ ಹೋಯ್ತು. ದೇವರು ನಿನ್ನ ಕ್ಷಮಿಸಲಿ.”

ಗಿಟಾರುಗಳ ಸಂಗತಿಯನ್ನು ಹೇಳಿದವನೂ ಅವನೇ. ಔಷಧದಂಗಡಿಯವಳು ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದ್ದಳಂತೆ. ಪಾಪ, ಜೀವಮಾನದಲ್ಲಿ ಏನೂ ಕೇಳದವನು ಕೊನೆಯ ಆಸೆ ಅಂತ ಒಂದು ಬಾಸ್ ಕೇಳಿದ್ದಾನೆ! ಊರಿಗೆ ಊರೇ ಅಟ್ಟ ಹತ್ತಿ ಹುಡುಕಿತ್ತು.

ರಾಡ್ಕಾ ಸಂಜೆಯ ಬಸ್ಸಿನಲ್ಲಿ ಚಟ್ನಿಯ ಬಾಟಲಿಗಳ ಪೆಟ್ಟಿಗೆ ಹೊತ್ತು ಬಂದಳು. ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ಬಸ್ ಹತ್ತಿದ್ದೇ ತಡ, ಬೇಕರಿಯವನ ಹೆಂಡ್ತಿ ತಬ್ಬಿಕೊಂಡು ‘ಹೋಗಿಬಿಟ್ಟನಲ್ಲೇ’ ಅಂದ್ಲು. ‘ಎಲ್ಲಿಗೆ? ಬೆಳಿಗ್ಗೆ ಫೋನ್ ಮಾಡಿ ಕಾಲುಚೀಲ ಎಲ್ಲಿದೆ ಅಂತ ಕೇಳಿದ್ನಲ್ಲ’ ಅಂದೆ. ‘ಪಾಪ, ಆಘಾತ’ ಅಂತ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ರು. ಡ್ರೈವರು ದುಡ್ಡು ಮುಟ್ಟಲಿಲ್ಲ.”

“ನೀನು ನಿಜ ಹೇಳಬೇಕಿತ್ತು.”

“ಹೇಳಿದೆ. ಹೇಳಿದಷ್ಟೂ ಜೋರಾಗಿ ಅತ್ರು. ಕೊನೆಗೆ ನಾನೂ ಅತ್ತೆ. ನಿನ್ನ ಬಗ್ಗೆ ಎಷ್ಟು ಒಳ್ಳೊಳ್ಳೆ ಮಾತಾಡ್ತಿದ್ರು ಗೊತ್ತಾ? ಸೇತುವೆ ದಾಟೋ ಹೊತ್ತಿಗೆ ನನಗೂ ನಿಜವಾಗಿ ನಷ್ಟ ಅನ್ನಿಸಿಬಿಡ್ತು.” ಅವಳು ಮೂಗು ಒರೆಸಿಕೊಂಡು ಅಂಗಳದ ಕಡೆ ನೋಡಿದಳು. “ಈಗ ಅದರಲ್ಲಿ ಯಾವುದು ಒಳ್ಳೇದು ಅಂತಾದ್ರೂ ನೋಡು.”

ಚಪ್ಪರದ ದೀಪದ ಕೆಳಗೆ ಡೊಬ್ರಿ ಒಂದೊಂದನ್ನೇ ಕೈಗೆ ತೆಗೆದುಕೊಂಡ. ಒಂದಕ್ಕೆ ಮೂರೇ ತಂತಿ, ನಾಲ್ಕನೆಯದು ಬಟ್ಟೆ ಒಣಹಾಕುವ ಸರಿಗೆ. ಒಂದು ಬಾಸ್ ಅಲ್ಲವೇ ಅಲ್ಲ, ಯಾರದೋ ಅಜ್ಜನ ತಂಬೂರಿ, ಒಳಗೆ ಆಕ್ರೋಟು ತುಂಬಿತ್ತು. ನಕ್ಷತ್ರದ ಆಕಾರದ ನೀಲಿಯೊಂದು ರಾಡ್ಕಾಳಿಗೆ ಹಿಡಿಸಿತು.

“ಇದೇ ಇರಲಿ. ಪರದೆಗೆ ಒಪ್ಪುತ್ತೆ.”

“ಬಣ್ಣ ನುಡಿಯಲ್ಲ ರಾಡ್ಕಾ.” ಅವನು ತಂತಿಯನ್ನು ಕುತ್ತಿಗೆಯ ಎರಡು ತುದಿಯಲ್ಲಿ ಒತ್ತಿಹಿಡಿದು ನಡುವಿನ ಸಂದಿ ತೋರಿಸಿದ. “ಇಲ್ಲಿ ಕೂದಲೆಳೆಯಷ್ಟು ಸಂದಿ ಇರಬೇಕು. ಇದರಲ್ಲಿ ಬೆಕ್ಕು ನುಗ್ಗುತ್ತೆ.” ಕುತ್ತಿಗೆಯ ಒಂದೊಂದು ಮೆಟ್ಟಿನಲ್ಲೂ ತಂತಿ ಒತ್ತಿ ಮೀಟಿದ. ನೀಲಿ ನಕ್ಷತ್ರ ಡಬ್ಬಿಯೊಳಗಿನ ಜೀರುಂಡೆಯಂತೆ ಗರಗರ ಎಂದಿತು.

ಕೊನೆಗೆ ಬಾಗಿಲ ಪಕ್ಕದ ಕಪ್ಪು ಪೆಟ್ಟಿಗೆ ತೆಗೆದ. ನುಸಿಗುಳಿಗೆಯ ವಾಸನೆಯ ನಡುವೆ ಜೇನಿನ ಬಣ್ಣದ ಒಂದು ಬಾಸ್ ಮಲಗಿತ್ತು, ಹೆಬ್ಬೆರಳು ಊರುವ ಕಡೆ ಬಣ್ಣ ಸವೆದು ಬರಿ ಮರ ಕಾಣುತ್ತಿತ್ತು. ಕಿರೊನ ಬಾಸ್. ಮಾಡಿದವರ ಹೆಸರಿನ ತಗಡು ಎಂದೋ ಬಿದ್ದುಹೋಗಿತ್ತು. ಡೊಬ್ರಿ ಭುಜಕ್ಕೆ ಹಾಕಿಕೊಂಡು ಎರಡೂ ಕೈ ಬಿಟ್ಟ. ಅದು ಎಲ್ಲಿಗೂ ವಾಲದೆ, ಮಲಗಿದ ಮಗುವಿನಂತೆ ನಿಂತಿತು. ಗಟ್ಟಿಯಾಗಿ ಕೇಳಿಸಲು ಯಂತ್ರ ಇರಲಿಲ್ಲವಾದ್ದರಿಂದ ದವಡೆಯನ್ನು ಮರಕ್ಕೆ ಒತ್ತಿ, ಅತಿ ದಪ್ಪದ ತಂತಿಯನ್ನು ಒಮ್ಮೆ ಮೀಟಿದ.

ಸದ್ದು ಕಿವಿಗೆ ಬರಲಿಲ್ಲ, ಹಲ್ಲಿಗೆ ಬಂತು, ಅಲ್ಲಿಂದ ಎದೆಗೂಡಿಗೆ ಇಳಿಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಕಿವಿಯಿಟ್ಟರೆ ಅಡಿಯಲ್ಲಿ ನೀರು ಹೋಗುವುದು ಕೇಳುತ್ತದಲ್ಲ, ಹಾಗೆ. ಮಂಜು ಚಪ್ಪರದೊಳಗೆ ಬಂದು ನಿಂತಿತ್ತು. ಕಾರ್ಖಾನೆಯ ಹಳೆಯ ಗೆಳೆಯರೆಲ್ಲ ಆ ಮಂಜಿನಲ್ಲೇ ಎಲ್ಲೋ ಸಾಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ತಾನು ಶುರುಮಾಡಲೆಂದು ಕಾಯುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಸ್ವರ ನಿಂತ ಮೇಲೂ ಅವನು ಕಣ್ಣು ತೆರೆಯಲಿಲ್ಲ.

“ಇದೇನಾ?” ಎಂದಳು ರಾಡ್ಕಾ, ಯಾಕೋ ಪಿಸುಗುಟ್ಟುತ್ತ.

“ಇದೇ. ಆದ್ರೆ ನಾನು ಬದುಕಿದ್ದೀನಿ ಅಂತ ಗೊತ್ತಾದ್ರೆ ಇದು ವಾಪಸ್ ಹೋಗುತ್ತೆ.”

ಸತ್ತವನ ಹೆಸರಿನಲ್ಲಿ ಕೊಟ್ಟದ್ದನ್ನು ನಮ್ಮಲ್ಲಿ ಮರಳಿ ಕೇಳುವಂತಿಲ್ಲ. ಬದುಕಿದ್ದವನಿಗೆ ಆ ಸೌಲಭ್ಯವಿಲ್ಲ. ರಾಡ್ಕಾ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

“ಹಾಗಾದ್ರೆ ಶನಿವಾರದವರೆಗೆ ಸತ್ತಿರು.”

“ಹೇಗೆ ಇರಲಿ?”

“ಇಷ್ಟು ದಿನ ಹೇಗಿದ್ದೆಯೋ ಹಾಗೇ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.”

ಡೊಬ್ರಿ ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಆದರೆ ಸಾವು ಅವನ ಮನಸ್ಸಿಗೆ ಒಗ್ಗಲಿಲ್ಲ. ಬಾಸ್ ನುಡಿಸಿದಾಗಲೆಲ್ಲ ಸರಪಳಿಯ ಸಂದಿಯಲ್ಲಿ ಕಂಡ ಗಿನಾ ಅಜ್ಜಿಯ ಅರ್ಧ ಮುಖ ನೆನಪಾಗುತ್ತಿತ್ತು. ಶನಿವಾರ ಮಧ್ಯಾಹ್ನ ಪೆಟ್ಟಿಗೆ ಎತ್ತಿಕೊಂಡು, ನಿಜ ಹೇಳಿ ಮರಳಿಸಿಬಿಡುತ್ತೇನೆಂದು ಅವಳ ಮನೆಗೆ ಹೋಗಿ ಬಾಗಿಲು ತಟ್ಟಿದ.

“ಯಾರು?”

“ನಾನು, ಡೊಬ್ರಿ.”

ಒಳಗೆ ಕುರ್ಚಿ ಸರಿಯಿತು. “ಒಳಗೆ ಕರೆಯೋ ಹಾಗಿಲ್ಲ, ಕರೆದ್ರೆ ವಾಪಸ್ ಹೋಗಲ್ಲ ಅಂತಾರೆ. ಅಲ್ಲೇ ನಿಂತು ಹೇಳು. ಬಾಸ್ ತಲುಪ್ತಾ?”

“ತಲುಪ್ತು ಅಜ್ಜಿ. ಅದನ್ನೇ...”

“ಕಿರೊ ಸಿಕ್ಕಿದ್ನಾ?”

“ಇನ್ನೂ ಇಲ್ಲ,” ಎಂದ ಡೊಬ್ರಿ. ಅದು ಸುಳ್ಳಲ್ಲ.

“ಸಿಕ್ಕಾಗ ಕೇಳು, ನೆಲಮಾಳಿಗೆ ಬೀಗದ ಕೈ ಎಲ್ಲಿಟ್ಟ ಅಂತ. ಉಪ್ಪಿನಕಾಯಿ ಎಲ್ಲ ಅಲ್ಲೇ ಇದೆ.” ಊರುಗೋಲಿನ ಸದ್ದು ಬಾಗಿಲ ಹತ್ತಿರಕ್ಕೆ ಬಂತು. “ಇನ್ನೊಂದು ಹೇಳು. ನಲವತ್ತು ವರ್ಷ ಊರೆಲ್ಲ ಕುಣೀತು, ನಾನು ಕೂತಿದ್ದೆ. ನನ್ನ ಜೋಡಿ ವೇದಿಕೆ ಮೇಲಿದ್ನಲ್ಲ. ಅಲ್ಲೂ ಬಾಸ್ ಹಿಡ್ಕೊಂಡೇ ನಿಂತಿರ್ತಾನೆ, ನನಗ್ಗೊತ್ತು. ಅದಕ್ಕೇ ಕೊಟ್ಟೆ ನಿನಗೆ. ಅಲ್ಲಿ ನೀನು ನುಡಿಸಪ್ಪ. ಅವನು ಕೆಳಗಿಳಿದು ಕೈ ಖಾಲಿ ಇಟ್ಕೊಂಡು ನನಗೆ ಕಾಯ್ಲಿ. ಒಂದೇ ಒಂದು ಹಾಡು ಸಾಕು.”

ಡೊಬ್ರಿ ಮುಚ್ಚಿದ ಬಾಗಿಲಿಗೆ ತಲೆ ಬಾಗಿಸಿದ. ಪೆಟ್ಟಿಗೆ ಎತ್ತಿಕೊಂಡು ಮಂಜಿನೊಳಗೆ ನಡೆದ.

ಆ ಸಂಜೆ ಕಲಾಮಂದಿರ ತುಂಬಿತ್ತು. ವೇದಿಕೆಯ ಮೇಲೆ ಡೊಬ್ರಿಯ ಫೋಟೊ, ಅದರ ಮುಂದೆ ಹೂವು. ಸ್ವಿಲೆನ್ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮೈಕಿನ ಮುಂದೆ ನಿಂತಿದ್ದ.

“ನಮ್ಮ ಬ್ಯಾಂಡಿನ ಮಹಾನ್ ಬಾಸ್ ವಾದಕ ಇವತ್ತು ನಮ್ಮ ಜೊತೆ ಇಲ್ಲ. ಅವರ ಜಾಗದಲ್ಲಿ ನನ್ನ ಎಡಗೈ ಇರುತ್ತೆ. ಈಗ ಒಂದು ನಿಮಿಷ ಮೌನ.”

ಎಲ್ಲರೂ ತಲೆ ತಗ್ಗಿಸಿದರು. ಆ ಮೌನದಲ್ಲಿ, ಪರದೆಯ ಹಿಂದಿನಿಂದ ಯಾರೋ ವೈರ್ ಚುಚ್ಚಿದ ಸದ್ದು ಬಂತು, ಸ್ಪೀಕರ್ ಗುಂಯ್ ಎಂದಿತು. ಡೊಬ್ರಿ ನಿಜ ಹೇಳಲೆಂದೇ ಬಂದಿದ್ದ. ಆದರೆ ಮಾತಿನಲ್ಲಿ ಹೇಳಲು ಅವನಿಗೆ ಎಂದೂ ಬಂದಿರಲಿಲ್ಲ. ಮೀಟಿದ. ನೆಲದ ಹಲಗೆಗಳು ನಡುಗಿದವು, ಗೋಧಿಯ ಲೋಟಗಳು ಮೇಜಿನ ಮೇಲೆ ಗಿಲಿಗಿಲಿ ಎಂದವು.

“ನಾನು ಸತ್ತಿಲ್ಲ,” ಎಂದ ಡೊಬ್ರಿ, ಪರದೆಯಿಂದ ಹೊರಗೆ ಬಂದು. “ಕ್ಷಮಿಸಿ.”

ಮೊದಲು ಎದ್ದವರು ಹಾಜಿಯೆವ್ ಸಾಹೇಬರು. “ಡೊಬ್ರಿ! ಇವತ್ತಿನ ನೀರಿನ ಮಟ್ಟ?”

“ನಿನ್ನೆಗಿಂತ ಎರಡು ಬೆರಳು ಏರಿದೆ ಸಾರ್.”

“ಬದುಕಿದ್ದಾನೆ!” ಎಂದು ಸಾಹೇಬರು ಸಭೆಗೆ ಘೋಷಿಸಿ, ಬಡ್ತಿಯ ಮಾತು ನೆನಪಾಗಿ ತಟ್ಟನೆ ಕೂತರು.

ಆಮೇಲೆ ಯಾರು ಏನು ಹೇಳಿದರೆಂದು ಲೆಕ್ಕವಿಲ್ಲ. “ನಾನು ಶಿಲುಬೆ ತೆಗೆದಿದ್ದೆ!” ಎಂದು ಮಿಲ್ಕಾ ಕೂಗುತ್ತಿದ್ದಳು. “ಹಾಗಾದ್ರೆ ಆ ಬನ್ನು?” ಎಂದ ಬೇಕರಿಯವನು. “ನಮ್ಮ ನೀಲಿ ಗಿಟಾರು ವಾಪಸ್ ಕೊಡು!” ಎಂದಳು ಔಷಧದಂಗಡಿಯವಳು. ತನಾಸ್ ಮಾತ್ರ ಪಕ್ಕದವನಿಗೆ ಶಾಂತವಾಗಿ ಹೇಳುತ್ತಿದ್ದ, “ಡ್ರಿಲ್ ನಾನು ಮತ್ತೆ ಕೊಡಲ್ಲ.”

ಗಿನಾ ಅಜ್ಜಿ ಎದ್ದಾಗ ಗಲಾಟೆ ತಾನೇ ತಗ್ಗಿತು. ಅವಳು ಊರುಗೋಲು ಊರುತ್ತ ವೇದಿಕೆಯ ಮುಂದೆ ಬಂದು ನಿಂತಳು.

“ಹಾಗಾದ್ರೆ ಕಿರೊ ಸಿಗಲಿಲ್ಲ.”

“ಇಲ್ಲ ಅಜ್ಜಿ.”

“ಬೀಗದ ಕೈಯೂ ಇಲ್ಲ.”

“ಇಲ್ಲ ಅಜ್ಜಿ.” ಡೊಬ್ರಿ ಬಾಸನ್ನು ಭುಜದಿಂದ ತೆಗೆದು ಎರಡೂ ಕೈಯಲ್ಲಿ ಚಾಚಿದ. ಮೂವತ್ತು ವರ್ಷ ಕಾದ ವಸ್ತು ಕೈಯಿಂದ ಹೋಗುವಾಗ ಅವನ ಬೆರಳುಗಳು ತಂತಿಯ ಮೇಲೆ ಸ್ವಲ್ಪ ಅಂಟಿಕೊಂಡವು. “ಬಾಗಿಲ ಹತ್ರ ಹೇಳಬೇಕು ಅಂತಲೇ ಬಂದಿದ್ದೆ. ನೀವು ಮಾತಾಡ್ತಾ ಹೋದ್ರಿ, ಆಮೇಲೆ ನನಗೆ ಹೇಳೋಕಾಗಲಿಲ್ಲ.”

ಅಜ್ಜಿ ಬಾಸನ್ನು ತೆಗೆದುಕೊಂಡಳು. ತೆಗೆದುಕೊಂಡು ಫೋಟೊದ ಪಕ್ಕಕ್ಕೆ ಒರಗಿಸಿದಳು.

“ಇಳಿ ಕೆಳಗೆ.”

ಸಭೆಗೆ ಸಭೆಯೇ ಕಪಾಳಮೋಕ್ಷಕ್ಕೆ ಕತ್ತು ಚಾಚಿತು. ಡೊಬ್ರಿ ಕೆನ್ನೆಯನ್ನು ಸಿದ್ಧಮಾಡಿಕೊಂಡೇ ಇಳಿದ. ಅಜ್ಜಿ ಊರುಗೋಲನ್ನು ರಾಡ್ಕಾಳ ಕೈಗೆ ಕೊಟ್ಟು, ಅವನ ಭುಜದ ಮೇಲೆ ಕೈಯಿಟ್ಟಳು.

“ಸ್ವಿಲೆನ್, ಜೋಡಿ ಕುಣಿತಕ್ಕೆ ಒಂದು ವಾಲ್ಟ್ಜ್. ಆ ನಿನ್ನ ಎಡಗೈ ಏನು ಮಾಡುತ್ತೋ ನೋಡೋಣ.”

ಎಡಗೈ ತನಗೆ ಬಂದಷ್ಟು ಮಾಡಿತು. ಡೊಬ್ರಿಗೆ ಕುಣಿತ ಬರುತ್ತಿರಲಿಲ್ಲ. ಅಜ್ಜಿಗೂ ಅಭ್ಯಾಸ ತಪ್ಪಿತ್ತು. ಇಬ್ಬರೂ ಮಂಜಿನಲ್ಲಿ ದಾರಿ ಹುಡುಕುವವರಂತೆ ಮೆಲ್ಲಗೆ, ಬಹಳ ಮೆಲ್ಲಗೆ ಸುತ್ತಿದರು. ಯಾರೂ ನಗಲಿಲ್ಲ. ಒಂದು ಸುತ್ತಿನಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದನ್ನು ಡೊಬ್ರಿ ನೋಡಿದ, ತಾನು ಯಾರ ಬದಲಿಗೆ ಕುಣಿಯುತ್ತಿದ್ದೇನೆಂದು ತಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡ.

ಹಾಡು ಮುಗಿಯಿತು. “ಅಜ್ಜಿ, ಆ ಮುನ್ನೂರು ಲೆವ ಇನ್ನೂ ಇದೆ,” ಎಂದ ಡೊಬ್ರಿ.

“ಪಟ್ಟಿಗೆ ಸರಿಹೋಯ್ತು. ಬಾಸ್ ಸತ್ತ ಡೊಬ್ರಿಗೆ ಕೊಟ್ಟಿದ್ದು, ನೀನು ಸಾಯೋವರೆಗೂ ಅದು ನಂದೇ. ಶನಿವಾರ ಶನಿವಾರ ಬಂದು ತಗೊಂಡು ಹೋಗಿ ನುಡಿಸು. ಪೆಟ್ಟಿಗೆ ಒರೆಸಿ ವಾಪಸ್ ಇಡು. ಹೋಗು, ಜನ ಕಾಯ್ತಿದ್ದಾರೆ.”

ಡೊಬ್ರಿ ವೇದಿಕೆ ಹತ್ತಿ, ಬಾಸ್ ಭುಜಕ್ಕೆ ಹಾಕಿಕೊಂಡು, ಯಾರೂ ಹೇಳದೆಯೇ ಹಿಂದೆ ಪರದೆಯ ಮಡಿಕೆಯ ಹತ್ತಿರ ಹೋಗಿ ನಿಂತ. ಹಾಡು ಶುರುವಾಯಿತು. ಎರಡನೆಯ ಚರಣದ ಹೊತ್ತಿಗೆ ಸಭೆ ಅವನನ್ನು ಸಂಪೂರ್ಣವಾಗಿ ಮರೆತು ಕುಣಿಯುತ್ತಿತ್ತು.

ಕುಣಿತದ ಅಂಗಳದ ಅಂಚಿನಲ್ಲಿ ರಾಡ್ಕಾ ಊರುಗೋಲು ಹಿಡಿದುಕೊಂಡು ನಿಂತೇ ಇದ್ದಳು. ಹೊಸ ಬೂಟು ಹಾಕಿಕೊಂಡು ಬಂದಿದ್ದಳು. ಗಿನಾ ಅಜ್ಜಿ ಗೋಡೆಯ ಪಕ್ಕದ ಎರಡು ಕುರ್ಚಿಗಳಲ್ಲಿ ಒಂದನ್ನು ಎಳೆದು ತೋರಿಸಿದಳು.

“ಇಲ್ಲಿ ಕೂತ್ಕೋ. ಬಾಸ್‌ನವನ ಹೆಂಡ್ತಿ ಜಾಗ ಇದು. ಇನ್ನು ನಿಂದು.”

“ನನಗೆ ಕುಣಿಯೋದು ಇಷ್ಟ ಅಜ್ಜಿ,” ಎಂದಳು ರಾಡ್ಕಾ ಸಣ್ಣ ದನಿಯಲ್ಲಿ.

“ಗೊತ್ತು. ಮೊದಲ ವರ್ಷ ಸಿಟ್ಟು ಬರುತ್ತೆ. ಬೂಟು ಬಿಚ್ಚು. ಪಾದ ಹಲಗೆ ಮೇಲಿಡು.”

ರಾಡ್ಕಾ ಬೂಟು ಬಿಚ್ಚಿ, ಕಾಲುಚೀಲದ ಪಾದವನ್ನು ನೆಲಕ್ಕೆ ಊರಿದಳು. ಅಷ್ಟು ಗದ್ದಲದ ಅಡಿಯಲ್ಲಿ, ಹಲಗೆಯೊಳಗಿನಿಂದ, ಏನೋ ಒಂದು ಬಂದು ಅಂಗಾಲನ್ನು ಮೆಲ್ಲಗೆ ತಟ್ಟಿತು. ಮತ್ತೆ ತಟ್ಟಿತು.

“ಇದು ಅವನಾ?”

“ಅವನೇ.” ಅಜ್ಜಿ ತನ್ನ ಪಾದವನ್ನೂ ಪಕ್ಕದಲ್ಲಿಟ್ಟು ಕಿವಿಗೊಟ್ಟಳು. “ತಾಳಕ್ಕೆ ಒಂಚೂರು ತಡವಾಗಿ ಬರ್ತಾನೆ, ಅಲ್ವಾ?”

“ಎಲ್ಲದಕ್ಕೂ,” ಎಂದಳು ರಾಡ್ಕಾ, ಇನ್ನೊಂದು ಬೂಟನ್ನೂ ಬಿಚ್ಚುತ್ತ.